ಎಣ್ಣೆ ಕೂಡಿಡುವ ಸೂಕ್ಷ್ಮಜೀವಿಗಳು

ಮಿರ್ಜಾನವೆಂದೊಡನೆ ಪ್ರವಾಸಿಗಳಿಗೆ ಅಲ್ಲಿಯ ಮುರಕಲ್ಲಿನ ಕೋಟೆ ನೆನಪಾಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೂ, ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ಯೆಂದು ಕರೆಯುವಂತೆ ಮಾಡಿದ ಕರಿಮೆಣಸಿನ ವ್ಯಾಪಾರವೂ ನೆನಪಾಗಬಹುದು. ನಾವು ಈ ಸಲ ಕೋಟೆಗೆ ಬೆನ್ನು ತಿರುಗಿಸಿ, ಅಘನಾಶಿನಿಯ ದಡದ ಕೆಸರನ್ನು ನೋಡೋಣ. ಶಿರಸಿಯ ಕಡೆಯಿಂದ ಇಳಿದುಬರುವ ಈ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ತದಡಿಯ ಬಳಿ ಅದು ಸಮುದ್ರವನ್ನು ಸೇರುವ ಮುನ್ನ ಅಗಲವಾದ ಅಳಿವೆಯಾಗಿ ಹರಡುತ್ತದೆ. ಉಬ್ಬರದ ನೀರು ಇಳಿದ ಮೇಲೆ, ಬಿಸಿಲು ಬಿದ್ದ ಕೆಸರಿನ ಮೈಮೇಲೆ ತೆಳುವಾದ ಹೊಂಬಣ್ಣದ ಕಂದು ಲೇಪವೊಂದು ಕಾಣಿಸಿಕೊಳ್ಳುತ್ತದೆ. ಅರ್ಧ ಗಂಟೆಗೆ ಮೊದಲು ಅದು ಅಲ್ಲಿ ಇರಲಿಲ್ಲ. ನೀರು ಮರಳಿ ಏರುವ ಹೊತ್ತಿಗೆ ಅದು ಮತ್ತೆ ಮಾಯವಾಗುತ್ತದೆ.

ಈ ಲೇಪವು ಕೆಸರಿನ ಬಣ್ಣವಲ್ಲ, ಜೀವಿಗಳ ಸಮೂಹ. ಡಯಾಟಮ್ ಎಂಬ ಏಕಕೋಶ ಜೀವಿಗಳು ಬೆಳಕನ್ನು ಅರಸಿ ಕೆಸರಿನ ಕಣಗಳ ನಡುವಿನಿಂದ ಮೇಲಕ್ಕೆ ತೆವಳಿ ಬರುತ್ತವೆ. ಅಲೆ ಕೊಚ್ಚಿಕೊಂಡು ಹೋಗುವ ಮೊದಲು ಒಳಕ್ಕೆ ಇಳಿದುಬಿಡುತ್ತವೆ. ಪ್ರತಿಯೊಂದಕ್ಕೂ ಸಿಲಿಕದ, ಎಂದರೆ ಹೆಚ್ಚುಕಡಿಮೆ ಗಾಜಿನ, ಒಂದು ಚಿಪ್ಪುಂಟು. ಪೆಟ್ಟಿಗೆಗೆ ಮುಚ್ಚಳವಿದ್ದಂತೆ ಅದರ ಎರಡು ಹೋಳುಗಳು ಒಂದರೊಳಗೊಂದು ಕೂಡಿಕೊಂಡಿರುತ್ತವೆ. ಒಳ್ಳೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಗಾಜಿನ ಪೆಟ್ಟಿಗೆಯೊಳಗೆ ಕಂದು ಬಣ್ಣದ ಹರಿತ್ತಿನ ಪಟ್ಟಿಗಳೂ, ಅವುಗಳ ನಡುವೆ ಮಿನುಗುವ ಒಂದೆರಡು ದುಂಡು ಹನಿಗಳೂ ಕಾಣುವುವು. ಆ ಹನಿಗಳು ಎಣ್ಣೆ. ನಮ್ಮ ಮನೆಯ ಕಡಲೆಕಾಯಿ ಎಣ್ಣೆಗೂ ಅದಕ್ಕೂ ರಚನೆಯಲ್ಲಿ ಮೂಲಭೂತವಾದ ಭೇದವಿಲ್ಲ.

ಮಿಲಿಮೀಟರಿನ ಕೆಲವೇ ಶತಾಂಶದಷ್ಟು ಉದ್ದದ ಜೀವಿ ಎಣ್ಣೆಯನ್ನು ಏಕೆ ಕೂಡಿಡುತ್ತದೆ? ಆ ಎಣ್ಣೆಯಿಂದ ಮಿರ್ಜಾನದ ಹೆದ್ದಾರಿಯಲ್ಲಿ ಓಡುವ ಲಾರಿಗಳನ್ನು ನಡೆಸಬಹುದೇ? ಮೊದಲನೆಯ ಪ್ರಶ್ನೆಗೆ ಉತ್ತರವು ಡಯಾಟಮಿಗಿಂತಲೂ ಸರಳವಾದ ಬ್ಯಾಕ್ಟೀರಿಯಗಳಲ್ಲಿ ಹೆಚ್ಚು ಸ್ಪಷ್ಟವಾಗಿ ದೊರೆಯುವುದರಿಂದ ಅವುಗಳಿಂದಲೇ ಆರಂಭಿಸುವೆವು. ಅದಕ್ಕೂ ಮುನ್ನ ಲಾರಿಯ ಯಂತ್ರದ ಮಾತನ್ನು ಚುಟುಕಾಗಿ ಮುಗಿಸೋಣ.

ಡೀಸೆಲ್ ಯಂತ್ರಕ್ಕೆ ಸಸ್ಯದ ಎಣ್ಣೆ ಹೊಸದಲ್ಲ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದೊಂದು ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದ್ದರು. ಆದರೆ ಹಸಿ ಎಣ್ಣೆ ಮಂದವಾದುದು. ಯಂತ್ರದ ಸೂಕ್ಷ್ಮ ರಂಧ್ರಗಳಿಂದ ಸರಿಯಾಗಿ ಸಿಡಿಯದೆ, ಅರೆಬೆಂದು, ಮಸಿಯಾಗಿ ಕಟ್ಟಿಕೊಳ್ಳುತ್ತದೆ. ಮಂದತೆಗೆ ಕಾರಣ ಅದರ ಅಣುವಿನ ಗಾತ್ರ. ಎಣ್ಣೆಯ ಒಂದೊಂದು ಅಣುವಿನಲ್ಲಿಯೂ ಒಂದು ಗ್ಲಿಸರಿನ್ನಿಗೆ ಮೂರು ಉದ್ದನೆಯ ಮೇದಾಮ್ಲಗಳು ಅಂಟಿಕೊಂಡಿರುವುವು. ಎಣ್ಣೆಗೆ ಮೆಥನಾಲ್ ಎಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಬೆರೆಸಿ ಬಿಸಿ ಮಾಡಿದರೆ, ಗ್ಲಿಸರಿನ್ ಕಳಚಿಕೊಂಡು ಕೆಳಗೆ ನಿಲ್ಲುತ್ತದೆ. ಮೂರು ಮೇದಾಮ್ಲಗಳೂ ಬೇರೆ ಬೇರೆಯಾಗಿ ಮೆಥನಾಲಿನೊಡನೆ ಕೂಡಿ ತೆಳುವಾದ ದ್ರವವಾಗುತ್ತವೆ. ಇದೇ ಜೈವಿಕ ಡೀಸೆಲ್. ೧೦೦ ಕಿಲೋಗ್ರಾಂ ಎಣ್ಣೆಗೆ ಸುಮಾರು ೧೧ ಕಿಲೋಗ್ರಾಂ ಮೆಥನಾಲ್ ಸೇರಿಸಿದರೆ, ೧೦೦ ಕಿಲೋಗ್ರಾಮಿನಷ್ಟು ಜೈವಿಕ ಡೀಸೆಲ್ಲೂ ಹತ್ತು ಹನ್ನೊಂದು ಕಿಲೋಗ್ರಾಂ ಗ್ಲಿಸರಿನ್ನೂ ಬರುವುವು. ಈ ಬಗೆಯ ವಿಧಾನಕ್ಕೆ ಬೆಲ್ಜಿಯಮಿನಲ್ಲಿ ಹಕ್ಕುಪತ್ರ ದೊರೆತುದು ೧೯೩೭ರಲ್ಲಿ. ಆದುದರಿಂದ ರಸಾಯನಶಾಸ್ತ್ರದಲ್ಲಿ ತೊಡಕೇನೂ ಇಲ್ಲ. ತೊಡಕಿರುವುದೆಲ್ಲ ಎಣ್ಣೆ ಎಲ್ಲಿಂದ ಬರಬೇಕೆಂಬುದರಲ್ಲಿ.

ಇನ್ನು ಬ್ಯಾಕ್ಟೀರಿಯಗಳಿಗೆ ಬರೋಣ. ಅವುಗಳಲ್ಲಿ ಬಹುಪಾಲು ಜಾತಿಗಳು ಎಣ್ಣೆಯನ್ನು ಕೂಡಿಡುವುದಿಲ್ಲ. ಕೂಡಿಡುವ ಸ್ವಭಾವವಿದ್ದರೂ ಅನೇಕವು ಬೇರೊಂದು ವಸ್ತುವನ್ನು, ಪ್ಲಾಸ್ಟಿಕ್ಕಿನಂಥ ಒಂದು ಪದಾರ್ಥವನ್ನು, ಕೂಡಿಡುತ್ತವೆ. ಅದನ್ನು ಫ್ರಾನ್ಸಿನ ಲೆಮ್ವಾನ್ ಎಂಬ ವಿಜ್ಞಾನಿ ೧೯೨೬ರಲ್ಲಿ ಗುರುತಿಸಿದರು. ನಿಜವಾದ ಎಣ್ಣೆಯನ್ನು ಹನಿಹನಿಯಾಗಿ ತುಂಬಿಕೊಳ್ಳುವ ಬ್ಯಾಕ್ಟೀರಿಯಗಳು ಹೆಚ್ಚಾಗಿ ಒಂದೇ ದೊಡ್ಡ ಬಳಗಕ್ಕೆ ಸೇರಿದವು. ಸ್ಟ್ರೆಪ್ಟೊಮೈಸಿಸ್, ನೊಕಾರ್ಡಿಯ, ಕ್ಷಯರೋಗದ ಜೀವಿಯಿರುವ ಮೈಕೊಬ್ಯಾಕ್ಟೀರಿಯಮ್, ರೋಡೊಕಾಕಸ್ ಮೊದಲಾದವು ಈ ಬಳಗದವು. ಮಣ್ಣು ಇವುಗಳಲ್ಲಿ ಹಲವಕ್ಕೆ ತವರು. ರೋಡೊಕಾಕಸ್ ಒಪಾಕಸ್ ಎಂಬ ಜಾತಿಯ ಒಂದು ತಳಿಯನ್ನು ಜರ್ಮನಿಯ ಸಂಶೋಧಕರು ೧೯೯೬ರಲ್ಲಿ ವರ್ಣಿಸಿದರು. ಅದು ದೊರೆತುದು ಅನಿಲ ಕಾರ್ಖಾನೆಯೊಂದರ ಮಲಿನವಾದ ಮಣ್ಣಿನಲ್ಲಿ. ತಕ್ಕ ಆಹಾರವನ್ನು ಕೊಟ್ಟಾಗ ಅದರ ಒಣ ತೂಕದಲ್ಲಿ ನೂರಕ್ಕೆ ೭೬ ಪಾಲು ಕೊಬ್ಬೇ ಆಗಿದ್ದಿತು! ಒಣಗಿದ ಕೊಬ್ಬರಿಯಲ್ಲಿಯೂ ಇಷ್ಟು ಎಣ್ಣೆ ಇರುವುದಿಲ್ಲ.

‘ತಕ್ಕ ಆಹಾರ’ ಎಂದೆವಷ್ಟೆ. ಅದು ಸಮೃದ್ಧವಾದ ಆಹಾರವಲ್ಲ, ಒಂದು ಕೊರತೆಯುಳ್ಳ ಆಹಾರ ಎಂಬುದೇ ಇಲ್ಲಿಯ ಸ್ವಾರಸ್ಯ. ಬ್ಯಾಕ್ಟೀರಿಯವು ಬೆಳೆದು ಇಬ್ಭಾಗವಾಗಬೇಕಾದರೆ ಸಸಾರಜನಕಗಳು, ಅಂದರೆ ಪ್ರೋಟೀನುಗಳು, ಬೇಕು. ಅವುಗಳನ್ನು ಕಟ್ಟಲು ಇಂಗಾಲದ ಜೊತೆಗೆ ಸಾರಜನಕ ಬೇಕು. ನೀರಿನಲ್ಲಿ ಸಕ್ಕರೆ ಧಾರಾಳವಾಗಿದ್ದು ಸಾರಜನಕ ಮುಗಿದುಹೋಯಿತೆನ್ನೋಣ. ಮಿರ್ಜಾನದ ಕೋಟೆಯನ್ನು ಕಟ್ಟುತ್ತಿದ್ದಾಗ ಗಣಿಯಿಂದ ಮುರಕಲ್ಲು ಬರುತ್ತಲೇ ಇದ್ದು ಸುಣ್ಣದ ಗಾರೆ ನಿಂತುಹೋಗಿದ್ದರೆ ಏನಾಗುತ್ತಿದ್ದಿತು? ಗೋಡೆ ಏಳುತ್ತಿರಲಿಲ್ಲ, ಕಲ್ಲನ್ನು ಅಂಗಳದಲ್ಲಿ ಪೇರಿಸಿಡಬೇಕಾಗುತ್ತಿದ್ದಿತು. ಬ್ಯಾಕ್ಟೀರಿಯವೂ ಹಾಗೆಯೇ ಮಾಡುತ್ತದೆ. ಒಳಗೆ ಬಂದ ಸಕ್ಕರೆಯು ಮುರಿದು ಎರಡೆರಡು ಇಂಗಾಲದ ತುಣುಕುಗಳಾಗುತ್ತದೆ. ಅವುಗಳನ್ನು ಪೋಣಿಸಿ ಹದಿನಾರು, ಹದಿನೆಂಟು ಇಂಗಾಲಗಳ ಮೇದಾಮ್ಲವನ್ನು ಮಾಡಿ, ಮೂರು ಮೇದಾಮ್ಲಗಳನ್ನು ಗ್ಲಿಸರಿನ್ನಿಗೆ ಕಟ್ಟಿ ಹನಿಯಾಗಿ ಸಂಗ್ರಹಿಸುತ್ತದೆ. ಎಣ್ಣೆಯಲ್ಲಿ ಸಾರಜನಕವೇ ಇಲ್ಲ. ಆದುದರಿಂದ ಅದರ ಕೊರತೆ ಈ ಕೆಲಸಕ್ಕೆ ಅಡ್ಡಿಯಾಗದು. ಮುಂದೆ ಸಾರಜನಕ ದೊರೆತ ದಿನ ಈ ಹನಿಯನ್ನೇ ಕರಗಿಸಿ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ.

ಇದರಿಂದ ಒಂದು ವಿಷಯವು ತಾನಾಗಿಯೇ ಹೊರಡುತ್ತದೆ: ಬೆಳೆಯುವ ಜೀವಿ ಕೊಬ್ಬುವುದಿಲ್ಲ, ಕೊಬ್ಬುವ ಜೀವಿ ಬೆಳೆಯುವುದಿಲ್ಲ. ಪತ್ರಿಕೆಗಳಲ್ಲಿ ‘ನೂರಕ್ಕೆ ಇಷ್ಟು ಎಣ್ಣೆ’ ಎಂಬ ಅಂಕಿಯನ್ನು ಕಂಡಾಗ ನಾವು ಹಿಗ್ಗಬಾರದು. ಒಂದು ತೊಟ್ಟಿಯಲ್ಲಿ ೧೦ ಗ್ರಾಂ ಜೀವಿಗಳು ಬೆಳೆದು ಅವುಗಳಲ್ಲಿ ನೂರಕ್ಕೆ ೨೦ರಷ್ಟು ಎಣ್ಣೆ ಇದ್ದರೆ ದೊರೆಯುವುದು ೨ ಗ್ರಾಂ. ಇನ್ನೊಂದರಲ್ಲಿ ಹಸಿವಿನಿಂದ ಬಳಲಿ ೪ ಗ್ರಾಂ ಮಾತ್ರ ಬೆಳೆದು ನೂರಕ್ಕೆ ೪೫ರಷ್ಟು ಎಣ್ಣೆ ಇದ್ದರೆ ದೊರೆಯುವುದು ೧.೮ ಗ್ರಾಂ. ಶೇಕಡಾವಾರು ಹೆಚ್ಚಿದರೂ ಎಣ್ಣೆ ಕಡಿಮೆಯಾಯಿತು. ಆದಕಾರಣ ಮೊದಲು ಚೆನ್ನಾಗಿ ಉಣಿಸಿ ಬೆಳೆಸಿ, ಅನಂತರ ಸಾರಜನಕವನ್ನು ತಪ್ಪಿಸಿ ಕೊಬ್ಬಿಸುವ ಎರಡು ಹಂತದ ಕ್ರಮವನ್ನು ಬಳಸುತ್ತಾರೆ.

ಈ ಹೆಣಗಾಟವೇ ಬೇಡ, ಬ್ಯಾಕ್ಟೀರಿಯವು ನೇರವಾಗಿ ಡೀಸೆಲನ್ನೇ ಮಾಡಲಿ ಎಂದು ಯೋಚಿಸಿದವರೂ ಉಂಟು. ೨೦೦೬ರಲ್ಲಿ ಜರ್ಮನಿಯ ಸ್ಟೈನ್‌ಬ್ಯೂಖೆಲ್ ಮತ್ತು ಅವರ ಸಂಗಡಿಗರು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಕ್ಕೆ ಬೇರೆ ಎರಡು ಬ್ಯಾಕ್ಟೀರಿಯಗಳ ಜೀನುಗಳನ್ನು ಸೇರಿಸಿದರು. ಒಂದರಿಂದ ಮದ್ಯಸಾರವನ್ನು ತಯಾರಿಸುವ ಶಕ್ತಿ, ಇನ್ನೊಂದರಿಂದ ಅದನ್ನು ಮೇದಾಮ್ಲಕ್ಕೆ ಕಟ್ಟುವ ಕಿಣ್ವ ಬಂದುವು. ಜೀವಿಯ ಒಣ ತೂಕದ ನೂರಕ್ಕೆ ೨೬ ಪಾಲು ಜೈವಿಕ ಡೀಸೆಲ್ ಆಯಿತು. ಕೇಳಲು ಸೊಗಸಾದ ವಾರ್ತೆ. ಆದರೆ ಆ ಬ್ಯಾಕ್ಟೀರಿಯಕ್ಕೆ ಹೊರಗಿನಿಂದ ಒಲಿಯಿಕ್ ಆಮ್ಲವನ್ನು, ಎಂದರೆ ಎಣ್ಣೆಯ ಒಂದು ಭಾಗವನ್ನೇ, ಉಣಿಸಬೇಕಾಗಿದ್ದಿತು! ೨೦೧೦ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಕೀಸ್ಲಿಂಗ್ ಅವರ ತಂಡವು ಈ ಕೊರತೆಯನ್ನು ನೀಗಿಸಿ, ಸಕ್ಕರೆಯಿಂದಲೇ ಅಂಥ ಇಂಧನವನ್ನು ಮಾಡುವ ಇ. ಕೋಲಿಯನ್ನು ರೂಪಿಸಿತು.

ಸಕ್ಕರೆಯಿಂದಲೇ ಎಂದಾಗ ನಾವು ಲೆಕ್ಕದ ಹಲಗೆಯನ್ನು ಕೈಗೆತ್ತಿಕೊಳ್ಳಬೇಕು. ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು ೯ ಕಿಲೋಕ್ಯಾಲೊರಿ ಶಾಖ ಹೊರಡುತ್ತದೆ, ಒಂದು ಗ್ರಾಂ ಸಕ್ಕರೆಯಿಂದ ೪. ಆದುದರಿಂದ ಯಾವ ಜೀವಿಯೇ ಆಗಲಿ, ಒಂದು ಗ್ರಾಂ ಕೊಬ್ಬನ್ನು ಎರಡೂಕಾಲು ಗ್ರಾಮಿಗಿಂತ ಕಡಿಮೆ ಸಕ್ಕರೆಯಿಂದ ಮಾಡಲಾರದು. ಜೀವಕೋಶದ ಒಳಗಿನ ಮಾರ್ಗಗಳಲ್ಲಿ ಇಂಗಾಲದ ಒಂದಂಶ ಇಂಗಾಲಾಮ್ಲವಾಯುವಾಗಿ ಹೊರಟುಹೋಗುವುದರಿಂದ ಕನಿಷ್ಠ ಮೂರು ಗ್ರಾಂ ಬೇಕು. ಜೀವಿ ತಾನೂ ಬದುಕಬೇಕಾದುದರಿಂದ ವಾಸ್ತವವಾಗಿ ಐದು ಗ್ರಾಮಿನಷ್ಟು ಬೇಕಾಗುತ್ತದೆ. ೧೦೦ ಕಿಲೋಗ್ರಾಂ ಸಕ್ಕರೆಗೆ ೨೦ ಕಿಲೋಗ್ರಾಂ ಎಣ್ಣೆ, ಅಂದರೆ ಸುಮಾರು ೨೩ ಲೀಟರು ಇಂಧನ. ಸಕ್ಕರೆಗೆ ಕಿಲೋಗ್ರಾಮಿಗೆ ೪೦ ರೂಪಾಯಿಯೆಂದು ಇಟ್ಟುಕೊಂಡರೆ, ತೊಟ್ಟಿ, ವಿದ್ಯುತ್ತು, ಆಳುಕಾಳು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆಯೇ ಲೀಟರಿಗೆ ೧೭೦ ರೂಪಾಯಿಗೆ ಮಿಕ್ಕಿ ಬೀಳುತ್ತದೆ. ಪೆಟ್ರೋಲ್ ಬಂಕಿನ ದರದೊಡನೆ ಓದುಗರೇ ಹೋಲಿಸಿ ನೋಡಬಹುದು. ಅದಕ್ಕೂ ಮಿಗಿಲಾಗಿ, ಮನುಷ್ಯನ ಬಾಯಿಗೆ ಹೋಗಬೇಕಾದುದನ್ನು ಐದಕ್ಕೆ ಒಂದರಂತೆ ಯಂತ್ರದ ಬಾಯಿಗೆ ಹಾಕಿದಂತಾಗುವುದು. ರೋಡೊಕಾಕಸನ್ನು ವಿಜ್ಞಾನಿಗಳು ಇಷ್ಟು ಆದರಿಸುವುದಕ್ಕೆ ಕಾರಣವೂ ಇದರಲ್ಲಿದೆ: ಸೌದೆಯ ಗಟ್ಟಿ ಅಂಶವಾದ ಲಿಗ್ನಿನ್ನನ್ನು ಒಡೆದಾಗ ಬರುವ, ಇತರ ಜೀವಿಗಳು ಮೂಸಿಯೂ ನೋಡದ ವಸ್ತುಗಳನ್ನು ಅದು ತಿನ್ನಬಲ್ಲುದು.

ಸಕ್ಕರೆಯೂ ಮೂಲದಲ್ಲಿ ಬಿಸಿಲೇ. ಬಿಸಿಲನ್ನು ಕಬ್ಬು ಹಿಡಿದು, ಕಬ್ಬನ್ನು ಕಾರ್ಖಾನೆ ಹಿಂಡಿ, ಸಕ್ಕರೆಯನ್ನು ಬ್ಯಾಕ್ಟೀರಿಯ ತಿಂದು ಎಣ್ಣೆಯಾಗುವ ಬದಲು, ಬಿಸಿಲನ್ನೇ ತಿಂದು ಎಣ್ಣೆ ಮಾಡುವ ಜೀವಿ ಬೇಡವೇ? ಬ್ಯಾಕ್ಟೀರಿಯಗಳಲ್ಲಿಯೇ ಬಿಸಿಲುಣ್ಣುವ ನೀಲಿಹಸುರು ಬಳಗವಿದೆ. ಆದರೆ ಅವು ರೋಡೊಕಾಕಸಿನಂತೆ ಎಣ್ಣೆಯನ್ನು ರಾಶಿಯಾಗಿ ಕೂಡಿಡುವುದಿಲ್ಲ. ಅವುಗಳಿಂದ ಮೇದಾಮ್ಲವನ್ನು ಹೊರಕ್ಕೆ ಸ್ರವಿಸುವಂತೆ ಮಾಡುವ ಪ್ರಯೋಗಗಳು ಅಮೆರಿಕದಲ್ಲಿ ನಡೆದಿವೆ. ಬಿಸಿಲುಣ್ಣುವುದು, ಎಣ್ಣೆ ಕೂಡಿಡುವುದು, ಈ ಎರಡು ಗುಣಗಳೂ ಸಹಜವಾಗಿಯೇ ಒಂದರಲ್ಲಿ ಕಲೆತಿರುವುದು ಮಿರ್ಜಾನದ ಕೆಸರಿನಲ್ಲಿ ನಾವು ಬಿಟ್ಟುಬಂದ ಡಯಾಟಮಿನಲ್ಲಿ.

ಡಯಾಟಮ್‌ಗಳನ್ನು ಕೊಬ್ಬಿಸಲು ಸಾರಜನಕವನ್ನು ತಪ್ಪಿಸುವುದಲ್ಲದೆ ಮತ್ತೊಂದು ಉಪಾಯವೂ ಇದೆ. ಸಿಲಿಕವಿಲ್ಲದೆ ಅವು ಹೊಸ ಚಿಪ್ಪನ್ನು ಕಟ್ಟಲಾರವು, ಚಿಪ್ಪಿಲ್ಲದೆ ಇಬ್ಭಾಗವಾಗಲಾರವು. ಆದರೆ ಬಿಸಿಲು ಹಿಡಿಯುವ ಯಂತ್ರಕ್ಕೆ ಬೇಕಾದುದು ಸಾರಜನಕವೇ ಹೊರತು ಸಿಲಿಕವಲ್ಲ. ಆದುದರಿಂದ ಸಿಲಿಕ ಮುಗಿದಾಗ ಬೆಳವಣಿಗೆ ನಿಂತರೂ ಬಿಸಿಲಿನ ಊಟ ನಡೆಯುತ್ತಲೇ ಇರುತ್ತದೆ, ಎಣ್ಣೆ ಬೇಗ ತುಂಬುತ್ತದೆ. ಅಮೆರಿಕದ ಸರಕಾರ ೧೯೭೮ರಿಂದ ೧೯೯೬ರವರೆಗೆ ನಡೆಸಿದ ದೊಡ್ಡ ಯೋಜನೆಯೊಂದರಲ್ಲಿ ಸಂಶೋಧಕರು ಸುಮಾರು ಮೂರು ಸಾವಿರ ಸೂಕ್ಷ್ಮಸಸ್ಯಗಳ ತಳಿಗಳನ್ನು ಕೂಡಿಹಾಕಿ ಪರೀಕ್ಷಿಸಿದರು. ಆರಿಸಿ ಉಳಿಸಿಕೊಂಡವುಗಳಲ್ಲಿ ಡಯಾಟಮ್‌ಗಳಿಗೆ ಮುಖ್ಯ ಸ್ಥಾನವಿದ್ದಿತು. ನ್ಯೂ ಮೆಕ್ಸಿಕೊದ ಬಯಲಿನ ಹೊಂಡಗಳಲ್ಲಿ ಒಂದು ಚದರ ಮೀಟರಿಗೆ ಕೆಲವು ದಿನ ೫೦ ಗ್ರಾಂ ಒಣ ಫಸಲು ಬಂದರೂ ರಾತ್ರಿಯ ಚಳಿಯಿಂದಾಗಿ ಸರಾಸರಿ ೧೦ ಗ್ರಾಮಿನ ಆಸುಪಾಸಿನಲ್ಲಿಯೇ ನಿಂತಿತು.

ನಮ್ಮ ಕಡೆ ಈ ವಿಷಯವನ್ನು ಕೈಗೆತ್ತಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಂಗಡಿಗರು. ಅವರು ರಿಚರ್ಡ್ ಗೋರ್ಡನ್ ಎಂಬ ವಿಜ್ಞಾನಿಯೊಡನೆ ಕೂಡಿ ೨೦೦೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಡಯಾಟಮ್‌ಗಳನ್ನು ‘ಕರೆಯುವ’ ಕಲ್ಪನೆಯನ್ನು ಮುಂದಿಟ್ಟರು. ಹಾಲಿಗಾಗಿ ಹಸುವನ್ನು ಕೊಲ್ಲುವುದಿಲ್ಲವಷ್ಟೆ. ಹಾಗೆಯೇ ಎಣ್ಣೆಯನ್ನು ತಾವಾಗಿ ಹೊರಕ್ಕೆ ಸೂಸುವ ಡಯಾಟಮ್‌ಗಳನ್ನು ಬಿಸಿಲಿಗೊಡ್ಡಿದ ಫಲಕಗಳಲ್ಲಿ ಸಾಕಬಹುದೆಂಬುದು ಅವರ ಆಲೋಚನೆ. ಇದು ಮನೆಮನೆಯ ಮಾಡಿನ ಮೇಲೆ ಬರುವ ದಿನ ಹತ್ತಿರವಿದೆಯೆಂದು ನಾವು ಹೇಳಲಾರೆವು. ಆದರೆ ಈ ತಂಡವು ಅಘನಾಶಿನಿಯ ಅಳಿವೆಯ ಡಯಾಟಮ್‌ಗಳನ್ನು ಸಂಗ್ರಹಿಸಿ, ಬೆಳೆಸಿ, ಅವುಗಳ ಎಣ್ಣೆಯನ್ನು ಪರೀಕ್ಷಿಸುವ ಕೆಲಸವನ್ನು ಮುಂದುವರಿಸಿತು. ಸೂಕ್ಷ್ಮಸಸ್ಯಗಳ ಎಣ್ಣೆಯಲ್ಲಿ ಬಿಡಿಯಾದ ಮೇದಾಮ್ಲಗಳು ಹೆಚ್ಚಾಗಿರುವುದುಂಟು. ಅಂಥ ಎಣ್ಣೆಗೆ ಕ್ಷಾರವನ್ನು ಹಾಕಿದರೆ ಡೀಸೆಲಿಗೆ ಬದಲಾಗಿ ಸಾಬೂನು ಆಗಿಬಿಡುತ್ತದೆ. ಇದನ್ನು ತಪ್ಪಿಸಲು ಕ್ಷಾರದ ಸ್ಥಾನದಲ್ಲಿ ಲೈಪೇಸ್ ಎಂಬ ಕಿಣ್ವವನ್ನು ಬಳಸಬಹುದು. ಕ್ಲಾಡೊಸ್ಪೋರಿಯಮ್ ಎಂಬ ಬೂಷ್ಟಿನಿಂದ ಪಡೆದ ಲೈಪೇಸಿನಿಂದ ಡಯಾಟಮಿನ ಎಣ್ಣೆಯನ್ನು ಜೈವಿಕ ಡೀಸೆಲಾಗಿ ಮಾರ್ಪಡಿಸಿದ ಪ್ರಯೋಗವನ್ನು ಇದೇ ತಂಡವು ೨೦೨೦ರಲ್ಲಿ ಪ್ರಕಟಿಸಿತು.

ಹಾಗಾದರೆ ಅಘನಾಶಿನಿಯ ತೀರದಲ್ಲಿ ಡಯಾಟಮ್ ಹೊಂಡಗಳನ್ನು ತೋಡಿಬಿಡಬಹುದಲ್ಲವೇ? ಇನ್ನೊಮ್ಮೆ ಲೆಕ್ಕ ಹಾಕೋಣ. ಚದರ ಮೀಟರಿಗೆ ದಿನಕ್ಕೆ ೧೦ ಗ್ರಾಂ ಫಸಲು, ಅದರಲ್ಲಿ ಕಾಲು ಭಾಗ ಎಣ್ಣೆ ಎಂದು ಹಿಡಿಯುವೆವು. ಕುಮಟೆಯ ಕಡೆ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಸಿಲನ್ನು ನಂಬುವಂತಿಲ್ಲ. ಉಳಿದುದು ೨೪೦ ದಿನಗಳು. ಒಂದು ಚದರ ಮೀಟರಿಗೆ ವರ್ಷಕ್ಕೆ ೬೦೦ ಗ್ರಾಂ, ಒಂದು ಹೆಕ್ಟೇರಿಗೆ ೬ ಟನ್, ಅಂದರೆ ಸುಮಾರು ೬,೮೦೦ ಲೀಟರು ಎಣ್ಣೆಯಾಯಿತು. ಲೀಟರಿಗೆ ೪ ಕಿಲೋಮೀಟರು ಓಡುವ ಲಾರಿಯೊಂದು ದಿನಕ್ಕೆ ೩೦೦ ಕಿಲೋಮೀಟರು ಹೋಗುವುದಾದರೆ, ಒಂದು ಹೆಕ್ಟೇರಿನ ವರ್ಷದ ಬೆಳೆ ಆ ಒಂದು ಲಾರಿಗೆ ಮೂರು ತಿಂಗಳಿಗೆ ಸಾಕು. ಎಣ್ಣೆಯ ಬೆಳೆಯಾಗಿ ನೋಡಿದರೆ ಇದು ಅತ್ಯುತ್ತಮವಾದ ಇಳುವರಿ. ಆದರೆ ಇಲ್ಲಿಗೆ ನಿಲ್ಲಿಸದೆ ಮುಂದುವರಿಯೋಣ. ೨೦೨೪ರಲ್ಲಿ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಿತವಾದ ಅಘನಾಶಿನಿ ಅಳಿವೆಯ ವಿಸ್ತಾರ ೪,೮೦೧ ಹೆಕ್ಟೇರು. ಅಷ್ಟನ್ನೂ ಹೊಂಡ ಮಾಡಿದೆವೆಂದರೆ ವರ್ಷಕ್ಕೆ ಸುಮಾರು ೨೯ ಸಾವಿರ ಟನ್ ಎಣ್ಣೆ. ಭಾರತವು ೨೦೨೩-೨೪ರಲ್ಲಿ ಉರಿಸಿದ ಡೀಸೆಲ್ ಸುಮಾರು ೯ ಕೋಟಿ ಟನ್, ಗಂಟೆಗೆ ಹತ್ತು ಸಾವಿರ ಟನ್ನಿಗೂ ಹೆಚ್ಚು. ಇಡೀ ಅಳಿವೆಯ ವರ್ಷದ ಎಣ್ಣೆ ದೇಶಕ್ಕೆ ಮೂರು ಗಂಟೆಯ ಕಾಲಕ್ಕೂ ಸಾಲದು! ನಮ್ಮ ಹವೆ ನ್ಯೂ ಮೆಕ್ಸಿಕೊದಷ್ಟು ಚಳಿಯದಲ್ಲವೆಂದು ಫಸಲನ್ನು ಇಮ್ಮಡಿಯಾಗಿ ಹಿಡಿದರೂ ಆರು ಗಂಟೆಯನ್ನು ದಾಟದು.

ಆ ಮೂರು ಗಂಟೆಗಾಗಿ ಕೊಡಬೇಕಾದುದೇನು? ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಆರಿಸುವವರ ಜೀವನ, ಉಪ್ಪುನೀರನ್ನು ತಾಳಿಕೊಂಡು ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ, ಮೀನಿನ ಮರಿಗಳ ತೊಟ್ಟಿಲು. ಬಳಚಿನ ಆಹಾರವೇ ನೀರಿನಲ್ಲಿ ತೇಲುವ ಡಯಾಟಮ್ ಮೊದಲಾದ ಸೂಕ್ಷ್ಮಸಸ್ಯಗಳು. ಕೆಸರಿನ ಎಣ್ಣೆ ಈಗಾಗಲೇ ಒಂದು ದಾರಿಯಿಂದ ಊಟದ ತಟ್ಟೆಗೆ ಬರುತ್ತಲಿದೆ. ಗಜನಿಗಳಲ್ಲಿ ಹಲವು ಹಿಂದೆ ಸಿಗಡಿ ಹೊಂಡಗಳಾಗಿ ಮಾರ್ಪಟ್ಟುದನ್ನು ಈ ತೀರ ಕಂಡಿದೆ. ನಮ್ಮ ಅಭಿಪ್ರಾಯದಲ್ಲಿ ಅಘನಾಶಿನಿಯು ಎಣ್ಣೆಯ ಹೊಲವಾಗಬೇಕಾದುದಿಲ್ಲ. ಅದು ಬೀಜದ ಕಣಜ. ಮಳೆಗಾಲದಲ್ಲಿ ಹೆಚ್ಚುಕಡಿಮೆ ಸಿಹಿಯಾಗಿ, ಬೇಸಗೆಯಲ್ಲಿ ಕಡಲಿನಷ್ಟೇ ಉಪ್ಪಾಗುವ ನೀರಿನಲ್ಲಿ ಬಾಳಲು ಕಲಿತ ತಳಿಗಳು ಇಲ್ಲಿವೆ. ಕೆಲವು ಸೀಸೆ ಕೆಸರಿನಿಂದ ಅವುಗಳನ್ನು ಬೇರ್ಪಡಿಸಿಕೊಂಡು ಬೆಳೆಸಬೇಕಾದುದು ಬೇರೆಡೆ, ಬೆಳೆ ಬಾರದ ಚೌಳು ನೆಲದಲ್ಲಿ, ಊರಿನ ಕೊಳಚೆ ನೀರಿನಲ್ಲಿ. ಕೊಳಚೆ ನೀರಿನಲ್ಲಿರುವ ಸಾರಜನಕ, ರಂಜಕಗಳೇ ಗೊಬ್ಬರವಾಗುವುದರಿಂದ ನೀರೂ ಶುದ್ಧವಾದೀತು. ಎಣ್ಣೆ ಅಲ್ಲಿ ಎರಡನೆಯ ಲಾಭ.

ಅಲ್ಲಿಯೂ ಒಂದು ಕಷ್ಟ ಉಳಿದಿದೆ. ಹೊಂಡದ ಒಂದು ಲೀಟರು ನೀರಿನಲ್ಲಿ ಅರ್ಧದಿಂದ ಒಂದು ಗ್ರಾಂ ಮಾತ್ರ ಜೀವಿಗಳಿರುತ್ತವೆ. ಒಂದು ಕಿಲೋಗ್ರಾಂ ಎಣ್ಣೆಗಾಗಿ ನಾಲ್ಕರಿಂದ ಎಂಟು ಸಾವಿರ ಲೀಟರು ನೀರನ್ನು ಸೋಸಬೇಕು, ಆಮೇಲೆ ಒಣಗಿಸಬೇಕು. ಪಂಪು ಉರಿಸುವ ಶಕ್ತಿ ಎಣ್ಣೆಯ ಶಕ್ತಿಯನ್ನೇ ನುಂಗಿಬಿಟ್ಟರೆ ಆಟ ಮುಗಿಯಿತು. ಎಕ್ಸಾನ್‌ನಂಥ ಭಾರಿ ತೈಲ ಕಂಪೆನಿಯೇ ೨೦೦೯ರಲ್ಲಿ ಪಾಚಿಯ ಎಣ್ಣೆಗೆ ಕೈಹಾಕಿ ೨೦೨೩ರ ಹೊತ್ತಿಗೆ ಕೈಬಿಟ್ಟಿತು. ಕೆಸರಿನ ಡಯಾಟಮ್‌ಗಳಿಗೆ ಇಲ್ಲೊಂದು ಅನುಕೂಲವಿದೆ: ಅವು ನೀರಿನಲ್ಲಿ ತೇಲುವುದಕ್ಕಿಂತ ಹೆಚ್ಚಾಗಿ ಮೇಲ್ಮೈಗಳಿಗೆ ಅಂಟಿಕೊಂಡು ಬೆಳೆಯುತ್ತವೆ. ನೀರನ್ನೆಲ್ಲ ಸೋಸದೆ, ಹಲಗೆಯನ್ನು ಎತ್ತಿ ಕೆರೆದುಕೊಳ್ಳಬಹುದು.

ಇವುಗಳನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಕರಾವಳಿಯ ವಿದ್ಯಾರ್ಥಿಗಳು ಇಳಿತದ ಹೊತ್ತಿನಲ್ಲಿ, ಹಿರಿಯರೊಬ್ಬರ ಜೊತೆಗೂಡಿ, ಕಂದು ಲೇಪವಿರುವ ಕಡೆ ಚಮಚದಿಂದ ಮೇಲುಕೆಸರನ್ನು ತೆಗೆದು ಅಗಲವಾದ ತಟ್ಟೆಯಲ್ಲಿ ಹರಡಲಿ. ಅದರ ಮೇಲೆ ಮಸೂರ ಒರೆಸುವ ತೆಳು ಕಾಗದದ ಎರಡು ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಬೆಳಕಿರುವೆಡೆ ಒಂದೆರಡು ಗಂಟೆ ಬಿಡಬೇಕು. ಡಯಾಟಮ್‌ಗಳು ಬೆಳಕಿಗಾಗಿ ಕಾಗದದೊಳಕ್ಕೆ ಏರಿ ಬರುವುವು, ಕೆಸರು ಕೆಳಗೆ ಉಳಿಯುವುದು. ಮೇಲಿನ ಕಾಗದವನ್ನು ಚಿಮುಟದಿಂದ ಎತ್ತಿ, ಅದೇ ಅಳಿವೆಯ ನೀರಿನ ಹನಿಯಲ್ಲಿ ಅಲುಗಿಸಿ, ಆ ಹನಿಯನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ೪೦೦ ಪಟ್ಟು ಹಿಗ್ಗಿಸಿ ನೋಡಿದರೆ, ದೋಣಿಯಾಕಾರದ ಜೀವಿಗಳು ಮೆಲ್ಲಗೆ ಜಾರುತ್ತಿರುವುದು ಕಾಣುತ್ತದೆ. ಬೆಳಕನ್ನು ಬಲವಾಗಿ ಬಾಗಿಸುವ ದುಂಡು ಹನಿಗಳೇ ಎಣ್ಣೆ. ಉಳಿದ ಹನಿಯನ್ನು ಸ್ವಲ್ಪ ಅಳಿವೆಯ ನೀರಿನೊಡನೆ ಸೀಸೆಗೆ ಹಾಕಿ, ಕಿಟಕಿಯ ಬಳಿ ಹದಿನೈದು ದಿನ ಇಟ್ಟು ಮತ್ತೆ ನೋಡಬೇಕು. ಹೊಸ ನೀರು ಸಿಕ್ಕದೆ ಸಾರಜನಕವೂ ಸಿಲಿಕವೂ ಕುಂದಿರುವುದರಿಂದ, ಆ ವೇಳೆಗೆ ಹನಿಗಳು ಸಾಮಾನ್ಯವಾಗಿ ಮೊದಲಿಗಿಂತ ದೊಡ್ಡವಾಗಿರುತ್ತವೆ.